ಹಳೆಯ ಸೀರೆಯ ಬೆನ್ನು ನೋಡಿ: ಇಳಕಲ್, ಕಸೂತಿ, ಖಣ ಸಂಗ್ರಹಿಸುವವರಿಗೆ ಒಂದು ಕೈಪಿಡಿ

ಪ್ಯಾರಿಸ್ಸಿನ ಹಳೆಯ ಗೌನುಗಳನ್ನು ಸಂಗ್ರಹಿಸುವವರಿಗೆ ಒಂದು ಅನುಕೂಲವಿದೆ. 1858ರಲ್ಲಿ ಅಲ್ಲಿ ತನ್ನ ಮಳಿಗೆ ತೆರೆದ ಇಂಗ್ಲೆಂಡಿನ ಚಾರ್ಲ್ಸ್ ಫ್ರೆಡರಿಕ್ ವರ್ತ್, ತಾನು ಹೊಲಿಸಿದ ಉಡುಪಿನೊಳಗೆ ತನ್ನ ಹೆಸರಿನ ಪಟ್ಟಿಯನ್ನು ಸೇರಿಸುವ ರೂಢಿಯನ್ನು ಬಳಕೆಗೆ ತಂದವರಲ್ಲಿ ಮೊದಲಿಗ. ಆದ್ದರಿಂದ ಅಂಥ ಉಡುಪನ್ನು ಒಳಮಗ್ಗುಲು ತಿರುವಿದರೆ ಮಾಡಿದವರ ವಿಳಾಸ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮನೆಗಳ ಟ್ರಂಕುಗಳಲ್ಲಿ ಮಲಗಿರುವ ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ (ಕುಪ್ಪಸಕ್ಕೆಂದೇ ನೇಯ್ದ ಬಟ್ಟೆಗೆ), ಕಸೂತಿ ಹಾಕಿದ ಕುಪ್ಪಸಕ್ಕೆ ಅಂಥ ಪಟ್ಟಿಯಿಲ್ಲ. ವಿನ್ಯಾಸ ಮಾಡಿದವರೂ ನೇಯ್ದವರೂ ಹೊಲಿದವರೂ ತಮ್ಮ ಹೆಸರು ಬರೆಯಲಿಲ್ಲ. ಆದರೂ ತಿರುವಿ ನೋಡುವ ಉಪಾಯ ಇಲ್ಲಿಯೂ ಫಲಿಸುತ್ತದೆ, ಏಕೆಂದರೆ ಇವುಗಳ ಕುಲಗೋತ್ರವೆಲ್ಲ ಬೆನ್ನಿನ ಮಗ್ಗುಲಲ್ಲಿ, ದಡಿಯಲ್ಲಿ (ಅಂಚಿನಲ್ಲಿ), ಸೆರಗು ಒಡಲಿಗೆ ಕೂಡುವ ಗೆರೆಯಲ್ಲಿ ಅಡಗಿದೆ. ಅದನ್ನು ಓದುವ ಬಗೆಯನ್ನು, ನಾನು ಕಲಿತ ಮಟ್ಟಿಗೆ, ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಹಂತ: ಮನೆಯ ಟ್ರಂಕು

ಸಂಗ್ರಹವನ್ನು ಅಂಗಡಿಯಿಂದ ಆರಂಭಿಸಬೇಡಿ. ಅಜ್ಜಿಯ, ದೊಡ್ಡವ್ವನ, ಅತ್ತೆಯ ಟ್ರಂಕಿನಿಂದ ಆರಂಭಿಸಿ, ಏಕೆಂದರೆ ಇತಿಹಾಸವನ್ನು ಬಾಯಿಬಿಟ್ಟು ಹೇಳುವವರು ಇನ್ನೂ ಇರುವುದು ಅಲ್ಲಿ ಮಾತ್ರ. ಕೈ ತೊಳೆದು ಒರೆಸಿಕೊಂಡು, ಉಂಗುರ ಮತ್ತು ಬಳೆ ತೆಗೆದಿಟ್ಟು, ನೆಲಕ್ಕೆ ಒಗೆದ ಬಿಳಿಯ ಚಾದರ ಹಾಸಿ, ಮಡಿಕೆಯನ್ನು ಎರಡೂ ಮುಂಗೈಗಳ ಮೇಲೆ ಹೊತ್ತು ಹೊರತೆಗೆಯಬೇಕು. ಮೂಲೆ ಹಿಡಿದು ಎಳೆದರೆ ಐವತ್ತು ವರ್ಷ ಒಂದೇ ಗೆರೆಯಲ್ಲಿ ಮಡಿಚಿಟ್ಟ ರೇಷ್ಮೆ ಆ ಗೆರೆಯಲ್ಲಿಯೇ ಸೀಳುತ್ತದೆ, ಮತ್ತು ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಸೀರೆಗಿಂತ ಮೊದಲು ಅದರ ಸುತ್ತಲಿನ ಕಸವನ್ನು ನೋಡಿ. ಅಂಗಡಿಯ ಚೀಲ, ರಸೀದಿ, ಟ್ರಂಕಿನ ತಳಕ್ಕೆ ಹಾಸಿದ ಪತ್ರಿಕೆ, ಇವು ಕಾಲನಿರ್ಣಯಕ್ಕೆ ಪಂಚಾಂಗವಿದ್ದಂತೆ. ರಸೀದಿಯಲ್ಲಿ ರೂಪಾಯಿ, ಆಣೆ, ಪೈ ಎಂಬ ಮೂರು ಅಂಕಣಗಳಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು ಆಗ. ‘ನಯೆ ಪೈಸೆ’ ಎಂದಿದ್ದರೆ 1957 ಮತ್ತು 1964ರ ನಡುವಿನ ಆಸುಪಾಸಿನದು. ಚೀಲದ ಮೇಲೆ ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರವರೆಗಿನ ಕಾಲವನ್ನು, ‘ಮುಂಬಯಿ’ ಪ್ರಾಂತದ ಉಲ್ಲೇಖವಿದ್ದರೆ ಏಕೀಕರಣದ ಹಿಂದಿನ ಕಾಲವನ್ನು ಅದು ಸೂಚಿಸುತ್ತದೆ. ಆರು ಅಂಕಿಗಳ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್‌ಗಿಂತ ಹಿಂದಿನದಾಗಿರಲಾರದು. ‘ಗದಗ, ಜಿಲ್ಲಾ ಧಾರವಾಡ’ ಎಂದೋ ‘ಹಾವೇರಿ, ಜಿಲ್ಲಾ ಧಾರವಾಡ’ ಎಂದೋ ಅಚ್ಚಾಗಿದ್ದರೆ ಅದು 1997ಕ್ಕಿಂತ ಮೊದಲಿನದು, ಏಕೆಂದರೆ ಆ ಎರಡು ಜಿಲ್ಲೆಗಳು ಹುಟ್ಟಿದ್ದೇ ಆ ವರ್ಷ. ಇಷ್ಟಾದರೂ ಒಂದು ಎಚ್ಚರಿಕೆ ಬೇಕು: ಚೀಲದ ವಯಸ್ಸು ಚೀಲದ್ದು, ಸೀರೆಯದ್ದಲ್ಲ. ಮಗಳ ಮದುವೆಯ ಚೀಲದಲ್ಲಿ ತಾಯಿಯ ಸೀರೆಯನ್ನು ಇಡುವುದು ನಮ್ಮ ಮನೆಗಳಲ್ಲಿ ಹೊಸದೇನೂ ಅಲ್ಲ. ಲಗ್ನಪತ್ರಿಕೆ ಮತ್ತು ಮದುವೆಯ ಫೋಟೋ ಸಿಕ್ಕರೆ, ಫೋಟೋದಲ್ಲಿ ಕಾಣುವ ದಡಿಯ ಅಗಲವನ್ನು ಕೈಯಲ್ಲಿರುವ ದಡಿಯೊಂದಿಗೆ ಹೋಲಿಸಿ ನೋಡಿ.

ಎರಡನೆಯ ಹಂತ: ಇಳಕಲ್ ಸೀರೆಯ ಕೊಂಡಿ

ಇಳಕಲ್ ಊರು ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ ಆ ಸೀರೆಯನ್ನು ಉಟ್ಟು ಸವೆಸಿದವರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಬಹಳ. ಅದರ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ಒಡಲಿನಲ್ಲಿಯೂ ರೇಷ್ಮೆ ಇರುವ ಸೀರೆಗಳೂ ಉಂಟು. ಎರಡು ಬೇರೆ ನೂಲುಗಳ ಈ ಎರಡು ಭಾಗಗಳು ಒಂದೇ ಬಟ್ಟೆಯಾಗುವುದು ಕೊಂಡಿಯಿಂದ. ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಪ್ರತ್ಯೇಕವಾಗಿ ತಯಾರಿಸಿ, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಹೀಗೆ ಅಗಲದುದ್ದಕ್ಕೂ ಎಳೆಎಳೆಯಾಗಿ ಕೂಡಿಸಿದ ಮೇಲೆ ನೇಯ್ಗೆ ಮುಂದುವರಿಯುತ್ತದೆ. ಒಂದೊಂದು ಸೀರೆಗೂ ಅದರ ಅಳತೆಯ ಹಾಸು ಬೇರೆಯಾಗಿ ಸಿದ್ಧವಾಗಬೇಕಾದ್ದರಿಂದ ಇದು ಆತುರದ ಕೆಲಸವಲ್ಲ.

ಸಂಗ್ರಾಹಕನ ಕಣ್ಣು ಮೊದಲು ಹೋಗಬೇಕಾದುದು ಈ ಗೆರೆಗೇ. ಸೀರೆಯನ್ನು ತಿರುವಿ, ಸೆರಗು ಆರಂಭವಾಗುವ ಜಾಗವನ್ನು ಭೂತಗನ್ನಡಿಯಿಂದ ನೋಡಿ. ನಿಜವಾದ ಕೊಂಡಿಯಲ್ಲಿ ಎರಡು ಬಣ್ಣದ ಎಳೆಗಳು ಪರಸ್ಪರ ಕೈಹಿಡಿದು ಹಿಂದಿರುಗಿದ ಗುರುತು ಸಾಲಾಗಿ ಕಾಣುತ್ತದೆ, ಬೆರಳ ತುದಿಗೆ ಅಲ್ಲೊಂದು ಸಣ್ಣ ಉಬ್ಬು ತಾಗುತ್ತದೆ. ಆಚೆ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ (ಅಡ್ಡದ ಎಳೆಯೂ) ಕೆಂಪು; ಹಾಗಾಗಿ ಆ ಕೆಂಪು ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಗಾಢವಾಗಿ, ಬೆರಕೆಯಿಲ್ಲದೆ ಇರುತ್ತದೆ. ಅನುಕರಣೆಯಲ್ಲಿ ಒಡಲಿನ ಹಾಸೇ ಸೆರಗಿನವರೆಗೂ ಓಡಿರುತ್ತದೆ. ಒಡಲು ಹಸಿರಾಗಿದ್ದರೆ ಸೆರಗಿನ ಕೆಂಪಿನೊಳಗೆ ಹಸಿರಿನ ಮಬ್ಬು ಇಣುಕುತ್ತದೆ, ಬೆಳಕಿಗೆ ಹಿಡಿದು ಓರೆ ಮಾಡಿದರೆ ಇದು ಸ್ಪಷ್ಟ. ಸೆರಗನ್ನು ಹೊಲಿದು ಅಂಟಿಸಿದ್ದರಂತೂ ಹೇಳುವುದೇ ಬೇಡ.

ಆಮೇಲೆ ಸೆರಗಿನ ವಿನ್ಯಾಸ. ಸಾಂಪ್ರದಾಯಿಕ ‘ತೋಪು ತೆನಿ’ ಸೆರಗಿನಲ್ಲಿ ಸಾಮಾನ್ಯವಾಗಿ ಮೂರು ಕೆಂಪು ಭಾಗಗಳ ನಡುವೆ ಎರಡು ಬಿಳಿಯ ಭಾಗಗಳಿರುತ್ತವೆ. ಕೆಂಪು ಬಿಳಿಯೊಳಗೆ ಹಲ್ಲುಹಲ್ಲಾಗಿ ಚಾಚಿಕೊಳ್ಳುವ ಆ ಆಕಾರಗಳಲ್ಲಿ ಜೋಳದ ತೆನೆ, ಕೋಟೆಯ ತೆನೆ, ಹಣಿಗೆ, ಗುಡ್ಡಸಾಲು ಎಂದು ನೇಕಾರರು ಗುರುತಿಸುತ್ತಾರೆ. ದಡಿಗೆ ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿ ಮುಂತಾದ ಹೆಸರುಗಳಿವೆ. ಈ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಬ್ಬ ನೇಕಾರರ ಮಗ್ಗದ ಪಕ್ಕ ಒಂದು ಮುಂಜಾನೆ ಕುಳಿತು ಕೇಳಿಕೊಳ್ಳುವುದು ಲೇಸು. ಹುಬ್ಬಳ್ಳಿಯಿಂದ ಗದಗ, ಗಜೇಂದ್ರಗಡದ ದಾರಿಯಾಗಿ ಇಳಕಲ್ಲಿಗೆ ಹೋಗಿ ಬರುವುದು ಒಂದು ದಿನದ ಪ್ರಯಾಣ. ಹೋದಾಗ ಹೊಸದೊಂದು ಕೈಮಗ್ಗದ ಸೀರೆಯನ್ನು ಕೊಂಡು ತನ್ನಿ. ಸರಿಯಾದ ಕೊಂಡಿ ಬೆರಳಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಮನೆಯಲ್ಲೊಂದು ಅಳತೆಗೋಲು ಇರಲಿ.

ಉದ್ದವನ್ನೂ ಅಳೆಯಿರಿ. ಕಚ್ಚೆ ಹಾಕಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆ ಎಂದರೆ 9 ಗಜ, ಸುಮಾರು 8.2 ಮೀಟರ್. ಅಂಥ ಸೀರೆ ಇಂದು 6 ಗಜಕ್ಕೆ ಇಳಿದಿದ್ದರೆ, ಮನೆಯಲ್ಲಿ ಯಾರೋ ಅದನ್ನು ಕತ್ತರಿಸಿ ಉಳಿದ ತುಂಡಿನಿಂದ ಲಂಗವನ್ನೋ ದುಪಟ್ಟಾವನ್ನೋ ಮಾಡಿರಬಹುದು. ಆ ತುಂಡನ್ನೂ ಹುಡುಕಿ.

ಮೂರನೆಯ ಹಂತ: ಕಸೂತಿಯ ಎರಡು ಮಗ್ಗುಲು

ಧಾರವಾಡದ ಸೀಮೆಗೆ ಇದರಷ್ಟು ಹತ್ತಿರದ ಕಲೆ ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತ, ಅದನ್ನು ಮುಚ್ಚಿಡುವುದಿಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯುತ್ತದೆ. ಗಂಟು ಹಾಕುವುದೂ ಇಲ್ಲ. ನಾಲ್ಕು ಬಗೆಯ ಹೊಲಿಗೆಗಳು ಮುಖ್ಯ. ಗವಂತಿಯಲ್ಲಿ ದಾರ ಒಂದು ಬಿಟ್ಟು ಒಂದರಂತೆ ಮುಂದೆ ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ; ಆದ್ದರಿಂದ ಎರಡೂ ಮಗ್ಗುಲು ಒಂದೇ ರೀತಿ. ಮುರಗಿಯೂ ಇದೇ ಜಾತಿಯದು, ಆದರೆ ಅದರ ನಡೆ ಮೆಟ್ಟಿಲುಮೆಟ್ಟಿಲಾಗಿ ಓರೆಕೋರೆ. ನೇಗಿ ಹೆಸರೇ ಹೇಳುವಂತೆ ನೇಯ್ಗೆಯನ್ನು ಹೋಲುತ್ತದೆ, ದೊಡ್ಡ ವಿನ್ಯಾಸಗಳನ್ನು ತುಂಬಲು ಒದಗುತ್ತದೆ. ಮೆಂತಿ ಅಡ್ಡಹಾಯುವ ಹೊಲಿಗೆ, ಮೆಂತೆಯ ಕಾಳನ್ನು ನೆನಪಿಸುವಂಥದು. ನೇಗಿ ಮತ್ತು ಮೆಂತಿಯ ಬೆನ್ನು ಮುಂಭಾಗದಂತೆ ಇರುವುದಿಲ್ಲ; ಇದನ್ನು ತಿಳಿಯದೆ ನೇಗಿಯ ಒಳ್ಳೆಯ ಕೆಲಸವನ್ನು ಖೊಟ್ಟಿ ಎಂದು ತಳ್ಳಿಬಿಡುವವರಿದ್ದಾರೆ.

ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಶಂಖ, ಅಂಬಾರಿ ಆನೆ, ನಂದಿ, ನವಿಲು ಇವು ಮತ್ತೆಮತ್ತೆ ಬರುವ ರೂಪಗಳು. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಇವು ಸೆರಗಿನ ಸಮೀಪ ದಟ್ಟವಾಗಿ, ಒಡಲಿನ ಕಡೆ ಹೋದಂತೆ ವಿರಳವಾಗಿ ಚದುರುತ್ತವೆ. ಒಳ್ಳೆಯ ಹಳೆಯ ಕೆಲಸವನ್ನು ಗುರುತಿಸಲು ನಾನು ಬಳಸುವ ಪರೀಕ್ಷೆ ಇಷ್ಟೇ: ಗೋಪುರದ ಒಂದು ಮೆಟ್ಟಿಲನ್ನು ಆಯ್ದು ಅದು ಎಷ್ಟು ಎಳೆಗಳನ್ನು ದಾಟಿದೆ ಎಂದು ಎಣಿಸುತ್ತೇನೆ, ನಂತರ ಎದುರಿನ ಪಾರ್ಶ್ವದ ಅದೇ ಮೆಟ್ಟಿಲನ್ನು ಎಣಿಸುತ್ತೇನೆ. ಕೈ ಪಳಗಿದ್ದರೆ ಎರಡೂ ತಾಳೆಯಾಗುತ್ತವೆ. ಅಲ್ಲೊಂದು ಕಡೆ ಒಂದು ಎಳೆ ತಪ್ಪಿ, ಮುಂದಿನ ಸಾಲಿನಲ್ಲಿ ಅದನ್ನು ಸರಿದೂಗಿಸಿಕೊಂಡಿದ್ದರೆ ಇನ್ನೂ ಸಂತೋಷ. ಯಂತ್ರ ತಪ್ಪಿದರೆ ಆ ತಪ್ಪನ್ನು ಹಾಗೆ ತಿದ್ದಿಕೊಳ್ಳುವುದಿಲ್ಲ.

ಯಂತ್ರದ ಕಸೂತಿಯ ಬೆನ್ನಲ್ಲಿ ಬಾಬಿನ್ನಿನ ದಾರ ಕಾಣುತ್ತದೆ, ಬಹಳ ಸಲ ಅದು ಬಿಳಿ. ಕೆಲವೊಮ್ಮೆ ಹೊಲಿಗೆಯ ಹಿಂದೆ ಆಧಾರಕ್ಕೆ ಕೊಟ್ಟ ತೆಳು ಕಾಗದದಂಥ ಪದರು ಹಾಗೇ ಉಳಿದಿರುತ್ತದೆ. ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ಒಂದು ಪ್ರದರ್ಶನ ಮಾರಾಟದಲ್ಲಿ ‘ಎಂಬತ್ತು ವರ್ಷದ ಚಂದ್ರಕಾಳಿ’ ಎಂದು ವ್ಯಾಪಾರಿಯೊಬ್ಬರು ಹೇಳಿದ್ದನ್ನು ನಂಬಿ, ಸೆರಗಿನ ಆನೆಗಳಿಗೆ ಮನಸೋತು, ತಿರುವಿ ನೋಡದೆಯೇ ಕೊಂಡುಬಿಟ್ಟೆ. ಮನೆಗೆ ಬಂದು ಬಿಚ್ಚಿದರೆ ಪ್ರತಿ ಆನೆಯ ಹೊಟ್ಟೆಯ ಹಿಂದೆಯೂ ಬಿಳಿಯ ದಾರ. ಆ ಸೀರೆಯನ್ನು ಮಾರದೆ ಇಟ್ಟುಕೊಂಡಿದ್ದೇನೆ, ಹೊಸಬರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ನಾಲ್ಕನೆಯ ಹಂತ: ಖಣ, ಕುಪ್ಪಸ, ಪಟ್ಟೇದ ಅಂಚು

ಖಣವನ್ನು ಬಹಳ ಮಂದಿ ಉಡಿ ತುಂಬುವಾಗ ಸಿಕ್ಕ ತ್ರಿಕೋನ ಮಡಿಕೆಯಾಗಿಯೇ ಇಟ್ಟಿರುತ್ತಾರೆ. ಹೊಲಿಯದೆ ಉಳಿದ ಖಣ ಸಂಗ್ರಾಹಕನಿಗೆ ಭಾಗ್ಯ, ಎರಡೂ ದಡಿಗಳು ಅಲ್ಲಿ ಪೂರ್ತಿ ಉಳಿದಿರುತ್ತವೆ. ಹೊಲಿದ ಹಳೆಯ ಕುಪ್ಪಸಗಳನ್ನೂ ಕಡೆಗಣಿಸಬಾರದು: ಮುಂದೆ ಗಂಟು ಕಟ್ಟುವ ನಮೂನೆ, ಕಂಕುಳಿಗೆ ಕೊಟ್ಟ ಚೌಕ ತುಂಡು, ತೋಳಿನ ತುದಿಯಲ್ಲಿ ದಡಿಯನ್ನು ಉಳಿಸಿಕೊಂಡ ಜಾಣತನ, ಕೈಹೊಲಿಗೆಯೋ ಮಷೀನೋ ಎಂಬುದು, ಇವೆಲ್ಲ ದರ್ಜಿಯ ಸಹಿಗಳು. ಹಳೆಯ ಕುಪ್ಪಸಗಳನ್ನು ಬಿಚ್ಚಿ ದಿಂಬಿನ ಗವಸು ಹೊಲಿಸುವವರ ಬಗ್ಗೆ ನನಗೆ ಹೇಳಲು ಒಳ್ಳೆಯ ಮಾತಿಲ್ಲ.

ಗದಗ ಜಿಲ್ಲೆಯ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ ಇನ್ನೊಂದು ಬಗೆ. ದಪ್ಪ ಹತ್ತಿ, ಚೌಕುಳಿ ಒಡಲು, ಅಗಲವಾದ ಅಂಚು, ಎರಡೂ ಮಗ್ಗುಲು ಉಡಬಹುದಾದ ನೇಯ್ಗೆ; ಸವದತ್ತಿ ಎಲ್ಲಮ್ಮನ ಭಕ್ತಿಯೊಂದಿಗೆ ಇದಕ್ಕೆ ನಂಟಿದೆ. ಮಗ್ಗದಿಂದ ಬಹುತೇಕ ಮರೆಯಾಗಿ ಈಚೆಗೆ ಮತ್ತೆ ನೇಯಲ್ಪಡುತ್ತಿರುವುದರಿಂದ, ಹಳೆಯದು ಸಿಕ್ಕರೆ ಹೊಸದರ ಪಕ್ಕದಲ್ಲಿಟ್ಟು ಹೋಲಿಸಬೇಕು.

ಐದನೆಯ ಹಂತ: ನೂಲು ಯಾವುದು

ದಡಿಯ ಕೊನೆಯಲ್ಲಿ ಸಡಿಲವಾಗಿ ಹೊರಬಂದ ಒಂದೇ ಎಳೆಯನ್ನು ಕತ್ತರಿಸಿ, ಚಿಮಟದಲ್ಲಿ ಹಿಡಿದು, ಸೀರೆಯಿಂದ ದೂರ ಹೋಗಿ ಉರಿಗೆ ತಾಗಿಸಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಉಜ್ಜಿದರೆ ಪುಡಿಯಾಗುವ ಕರಿ ಉಳಿಸುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಇಳಕಲ್ಲಿನಲ್ಲಿ ‘ಚಮಕಾ’ ಎನ್ನುವ ಕೃತಕ ರೇಷ್ಮೆಯೂ ಕಾಗದದಂತೆಯೇ ಉರಿಯುವುದರಿಂದ, ಹೊಳಪು ರೇಷ್ಮೆಯದು ಮತ್ತು ವಾಸನೆ ಕಾಗದದ್ದು ಎಂದಾದರೆ ಅದು ಚಮಕಾ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಚಮಕಾ ಇದ್ದ ಮಾತ್ರಕ್ಕೆ ಸೀರೆ ಕೀಳಲ್ಲ. ಬಡವರ ಮನೆಯ ಮದುವೆಗೂ ಹೊಳಪು ತಂದದ್ದು ಅದೇ. ಸಂಗ್ರಹದಲ್ಲಿ ಅದಕ್ಕೂ ಜಾಗವಿರಬೇಕು, ಬೆಲೆ ಮಾತ್ರ ರೇಷ್ಮೆಯದಾಗಬಾರದು. ಸೀರೆಗೆ ಹೊಲಿದ ಅಥವಾ ಅಂಟಿಸಿದ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಕಂಡರೆ ಅದು 2006ರ ನಂತರದ್ದು, ‘ಸಿಲ್ಕ್ ಮಾರ್ಕ್’ ಕಂಡರೆ 2004ರ ನಂತರದ್ದು.

ಆರನೆಯ ಹಂತ: ಕೊಳ್ಳುವುದು

ಹಳೆಯ ಬಟ್ಟೆಗಳು ನಮ್ಮ ಮನೆಗಳಿಂದ ಮೂರು ದಾರಿಗಳಲ್ಲಿ ಹೊರಹೋಗುತ್ತವೆ. ಓಣಿಗೆ ಬಂದು ಹಳೆಯ ಬಟ್ಟೆಗೆ ಭಾಂಡೆ (ಪಾತ್ರೆ) ಕೊಡುವವರು ಒಂದು ದಾರಿ. ಜರಿ ಸೀರೆಗಳನ್ನು ಕೊಂಡು, ಸುಟ್ಟು, ಬೆಳ್ಳಿ ತೆಗೆಯುವವರು ಎರಡನೆಯದು. ಅಲ್ಲಿಗೆ ಹೋದದ್ದು ಮರಳುವುದಿಲ್ಲ. ಮೂರನೆಯದು ಕೌದಿ, ಹಳೆಯ ಬಟ್ಟೆಗಳನ್ನು ಪದರುಪದರಾಗಿ ಕೂಡಿಸಿ ಹೊಲಿದ ಹೊದಿಕೆ. ಹುಬ್ಬಳ್ಳಿಯ ದುರ್ಗದ ಬೈಲಿನ, ಧಾರವಾಡದ ಸುಭಾಸ ರಸ್ತೆಯ ಜವಳಿ ಅಂಗಡಿಗಳಲ್ಲಿ ಹಳೆಯದು ಸಿಗುವುದಿಲ್ಲ, ಆದರೆ ತಲೆತಲಾಂತರದ ವ್ಯಾಪಾರಿಗಳು ಯಾವ ದಡಿ ಯಾವಾಗ ಓಡುತ್ತಿತ್ತೆಂದು ಹೇಳಬಲ್ಲರು. ನಿಜವಾದ ಮೂಲವೆಂದರೆ ಪರಿಚಯದ ಮನೆಗಳೇ.

ಮನೆಯಿಂದ ಕೊಳ್ಳುವಾಗ, ಹಿರಿಯ ಹೆಣ್ಣುಮಗಳಿಗೆ ಆ ಸೀರೆಯ ಇಂದಿನ ಬೆಲೆ ಏನಿದೆಯೆಂದು ನೀವೇ ಮೊದಲು ತಿಳಿಸಬೇಕು, ಆಮೇಲೆ ಕೇಳಬೇಕು. ಸಾವಿನ ಮನೆಯಲ್ಲಿ ತಿಂಗಳೊಪ್ಪತ್ತು ಕಳೆಯುವ ಮುನ್ನ ಟ್ರಂಕಿನ ಮಾತು ತೆಗೆಯಬಾರದು. ಪ್ರದರ್ಶನಗಳಲ್ಲಿಯೋ ಫೋನಿನಲ್ಲಿ ಫೋಟೋ ನೋಡಿಯೋ ಕೊಳ್ಳುವುದಾದರೆ ಬೆನ್ನಿನ ಫೋಟೋ, ಕೊಂಡಿಯ ಹತ್ತಿರದ ಫೋಟೋ, ಬೆಳಕಿಗೆ ಎದುರಾಗಿ ಹಿಡಿದ ಫೋಟೋ ಈ ಮೂರನ್ನು ಕೇಳಿ. ಕೊಡಲು ಒಲ್ಲೆ ಎಂದವರಿಂದ ಕೊಳ್ಳಬೇಡಿ. ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳ ನಕ್ಷತ್ರಲೋಕವೇ ಕಂಡರೆ ನುಸಿ ಹೊಕ್ಕಿದೆ ಎಂದರ್ಥ.

100 ವರ್ಷ ದಾಟಿದ ಕಲಾಕುಶಲ ವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅಂಥವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಅಮೆರಿಕೆಯಲ್ಲಿರುವ ಮಗಳಿಗೆ ಮುತ್ತಜ್ಜಿಯ ಸೀರೆ ಕಳಿಸುವ ಮುನ್ನ ಇದನ್ನು ನೆನಪಿಡಿ.

ಏಳನೆಯ ಹಂತ: ವಹಿ

ಉದ್ದನೆಯ ಒಂದು ವಹಿ ಸಾಕು. ಪ್ರತಿ ಬಟ್ಟೆಗೂ ಒಂದು ಸಂಖ್ಯೆ. ಅದನ್ನು ಬಿಳಿಯ ಹತ್ತಿ ಪಟ್ಟಿಯ ಮೇಲೆ ಬರೆದು, ಒಗೆದು ಬಣ್ಣ ಬಿಡದೆಂದು ಖಚಿತವಾದ ಮೇಲೆ, ದಡಿಯ ಒಳಮೂಲೆಗೆ ಎರಡೇ ಸಡಿಲ ಹೊಲಿಗೆಯಿಂದ ಸೇರಿಸಬೇಕು. ಬಟ್ಟೆಯ ಮೇಲೆ ಪೆನ್ನು ತಾಗಬಾರದು. ವಹಿಯಲ್ಲಿ ಉದ್ದ, ಅಗಲ, ದಡಿಯ ಹೆಸರು, ನೂಲು, ಕಲೆ ಮತ್ತು ಹರಕುಗಳ ಜಾಗ, ಯಾರಿಂದ ಬಂತು, ಯಾರು ಯಾವ ಸಂದರ್ಭದಲ್ಲಿ ಉಟ್ಟಿದ್ದರು ಎಂಬುದನ್ನು ಬರೆಯಿರಿ. ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುವುದು ನನ್ನ ಪದ್ಧತಿ: ‘ಅಜ್ಜಿಯ ಕುಬಸಕ್ಕೆ (ಸೀಮಂತಕ್ಕೆ) ತಂದದ್ದು, ಮಗಳ ಹೇಳಿಕೆ’ ಒಂದು ಸಾಲು, ‘ರಸೀದಿಯಲ್ಲಿ ಆಣೆ ಇದೆ’ ಇನ್ನೊಂದು.

ಎಂಟನೆಯ ಹಂತ: ತೊಳೆಯುವುದು, ಇಡುವುದು

ಅನುಮಾನವಿದ್ದರೆ ತೊಳೆಯಬೇಡಿ. ಹಳೆಯ ಕೆಂಪು ಬಣ್ಣವನ್ನು ನಂಬುವಂತಿಲ್ಲ: ಒದ್ದೆಯಾದ ಬಿಳಿ ಅರಳೆಯನ್ನು ಒಳಮಗ್ಗುಲಿಗೆ ಒಂದು ನಿಮಿಷ ಒತ್ತಿ ಹಿಡಿದು, ಅದು ಬಿಳಿಯಾಗಿಯೇ ಉಳಿದರೆ ಮಾತ್ರ ಮುಂದುವರಿಯಿರಿ. ಈ ಪರೀಕ್ಷೆಯನ್ನು ಒಮ್ಮೆ ಮರೆತ ನಾನು, ಸೆರಗಿನ ಎರಡು ಬಿಳಿ ಭಾಗಗಳೂ ಗುಲಾಬಿಯಾದ ಒಂದು ಸೀರೆಯನ್ನು ಈಗಲೂ ಕಪಾಟಿನ ಹಿಂಬದಿಯಲ್ಲಿ ಇಟ್ಟಿದ್ದೇನೆ. ಬಣ್ಣ ಗಟ್ಟಿಯಾದ ಹತ್ತಿ ಸೀರೆಯನ್ನು ತಣ್ಣೀರಿನಲ್ಲಿ, ಅಂಟುವಾಳದ ತಿಳಿನೊರೆಯಲ್ಲಿ, ಹಿಂಡದೆ, ಸೊಳ್ಳೆಪರದೆಯ ಬಟ್ಟೆಯ ಮೇಲೆ ಹರವಿ ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಬಹುದು. ಜರಿ, ಹಳೆಯ ರೇಷ್ಮೆ ಮತ್ತು ಕಸೂತಿಗೆ ನೀರು ಬೇಡ. ಕಬ್ಬಿಣದ ಅಂಶದಿಂದ ಕಪ್ಪು ಮಾಡಿದ ನೂಲು ಕಾಲಕ್ರಮದಲ್ಲಿ ತಾನಾಗಿಯೇ ಪುಡಿಯಾಗುವ ಸ್ವಭಾವದ್ದು. ಕಪ್ಪು ಬಟ್ಟೆಗಳನ್ನು ಆದಷ್ಟು ಕಡಿಮೆ ಮುಟ್ಟಿ.

ಇಡುವಾಗ ಒಗೆದ ಮಲ್ಮಲ್ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡುತ್ತದೆ, ಪತ್ರಿಕೆಯ ಕಾಗದ ಬಟ್ಟೆಯನ್ನು ಹಳದಿ ಮಾಡುತ್ತದೆ, ಬರಿಯ ಕಟ್ಟಿಗೆಯೂ ಆಮ್ಲ ಬಿಡುತ್ತದೆ. ಡಾಂಬರ ಗುಳಿಗೆ ಜರಿಗೆ, ರೇಷ್ಮೆಗೆ ನೇರ ತಾಗಬಾರದು. ಬಜೆಯ ತುಂಡನ್ನೋ ಒಣ ಬೇವಿನ ಎಲೆಯನ್ನೋ ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡಿ. ಮಳೆಗಾಲ ಬಿಟ್ಟು ಉಳಿದಂತೆ ಮೂರು ತಿಂಗಳಿಗೊಮ್ಮೆ ಮಡಿಕೆಯ ಗೆರೆ ಬದಲಿಸಿ. ಬೆಲೆಬಾಳುವ ಸೆರಗುಗಳನ್ನು ಮಡಿಚುವುದಕ್ಕಿಂತ ಮಲ್ಮಲ್ ಸುತ್ತಿದ ಕೊಳವೆಯ ಮೇಲೆ ಸುರುಳಿ ಮಾಡುವುದು ಉತ್ತಮ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಮಳೆಗಾಲ ಗದಗಿನದಕ್ಕಿಂತ ತೇವದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರಂಕು ತೆರೆಯದಿರುವುದೇ ಒಳಿತು, ದಸರೆಯ ಹೊತ್ತಿಗೆ ಒಣ ಗಾಳಿ ಬಂದಾಗ ಎಲ್ಲವನ್ನೂ ನೆರಳಿನಲ್ಲಿ ಹರವಿ. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಆಸೆಯಿದ್ದರೆ, ವಸ್ತುಸಂಗ್ರಹಾಲಯಗಳು ಜವಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ ಎಂಬುದು ತಿಳಿದಿರಲಿ. ಕಿಟಕಿಯ ಎದುರಿನ ಗೋಡೆ ಅದಕ್ಕೆ ತಕ್ಕ ಜಾಗವಲ್ಲ.

ಒಂಬತ್ತನೆಯ ಹಂತ: ಹರಿದದ್ದು

ಗಟ್ಟಿಯಿರುವ ಸೀರೆಯನ್ನು ವರ್ಷಕ್ಕೊಮ್ಮೆ ಉಡಿ, ಪಿನ್ನು ಮಾತ್ರ ಬೇಡ. ಹರಿದದ್ದನ್ನು ರಫೂ ಮಾಡಿಸುವ ಬದಲು, ಅದೇ ಬಣ್ಣದ ತೆಳು ಬಟ್ಟೆಯನ್ನು ಬೆನ್ನಿಗೆ ಕೊಟ್ಟು, ಹರಕಿನ ಅಂಚಿಗೆ ತಾಗದಂತೆ ಸುತ್ತಲೂ ಸಡಿಲ ಹೊಲಿಗೆ ಹಾಕಿದರೆ ಸಾಕು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಬಿಚ್ಚುವಂತಿರಬೇಕು.

ಆಧಾರಕ್ಕೂ ನಿಲ್ಲದಷ್ಟು ಜೀರ್ಣವಾದದ್ದನ್ನು ಏನು ಮಾಡಬೇಕೆಂದು ಕೌದಿ ಹೊಲಿಯುವ ಹಿರಿಯರೊಬ್ಬರನ್ನು ಕೇಳಿದ್ದೆ. “ತಮ್ಮಾ, ಹರಕ ಅರಿವಿ ಒಳಗ ಇಡೂದು, ಗಟ್ಟಿ ಅರಿವಿ ಮ್ಯಾಲ ಹಾಕೂದು. ಒಳಗಿದ್ದದ್ದ ಭಾಳ ದಿನ ಇರತೈತಿ ನೋಡು” ಎಂದು ಅವರು ತಮ್ಮದೇ ಹಳೆಯ ಕೌದಿಯ ಒಂದು ಮೂಲೆಯ ಹೊಲಿಗೆ ಬಿಚ್ಚಿ ತೋರಿಸಿದರು. ಮೇಲಿನ ಪದರು ಮಾಸಿ ಬಣ್ಣವೇ ಇಲ್ಲದಂತಾಗಿತ್ತು. ಕೆಳಗೆ ಅಂಗೈಯಗಲದ ಒಂದು ಖಣ, ಬಿಸಿಲು ಕಾಣದ ಕಾರಣ ದಡಿಯ ಕೆಂಪು ನಿನ್ನೆ ಮಗ್ಗದಿಂದ ಇಳಿದಂತಿತ್ತು. ಅದನ್ನು ಕತ್ತರಿಸಿಕೊಡಲು ಅವರು ಸಿದ್ಧರಿದ್ದರು. ನಾನು ಎರಡೂ ಮಗ್ಗುಲ ಫೋಟೋ ತೆಗೆದು, ಮೂಲೆಯನ್ನು ಮತ್ತೆ ಹೊಲಿಯಲು ಹೇಳಿ, ವಹಿಯಲ್ಲಿ ಖಣಕ್ಕೆ ಬೇರೆ ಸಂಖ್ಯೆ ಹಾಕದೆ ಇಡೀ ಕೌದಿಯನ್ನೇ ಒಂದು ಸಂಖ್ಯೆಯಲ್ಲಿ ಬರೆದುಕೊಂಡೆ. ‘ಯಾರಲ್ಲಿದೆ’ ಎಂಬ ಅಂಕಣದಲ್ಲಿ ಅವರ ಮನೆಯೆಂದೇ ಇದೆ.